ಲೈನ್ ಕ್ಲಿಯರ್

ನನ್ನ ಕೆಲಸ ಸಣ್ಣದು. ಮಲಗಿಸುತ್ತೇನೆ,
ಕೊರಳ ಸರ ಬಿಚ್ಚಿಸುತ್ತೇನೆ,
ಗಾಜಿನಾಚೆ ನಿಂತು ಗುಂಡಿ ಒತ್ತುತ್ತೇನೆ.
ಮಡಿಕೇರಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ,
ಎಷ್ಟು ತಲೆಗಳ ಒಳಗು ನೋಡಿದ್ದೇನೋ,
ಮುಖ ಒಂದೂ ನೆನಪಿಲ್ಲ.

ಭೀರಪ್ಪ ತಳವಾರ, ಮೂವತ್ತನಾಲ್ಕು, ಲೈನ್‌ಮನ್.
ಇಂಡಿ ಕಡೆಯವನು. ನಮ್ಮ ಬೆಟ್ಟದ ಕಂಬಗಳನ್ನು
ಹೆಚ್ಚಾಗಿ ಬಯಲಿನವರೇ ಹತ್ತುವುದು.
ಹಿಂದಿನ ವಾರದ ಹೂಮಳೆಗೆ ಕಾಫಿ ಬೆಳ್ಳಗೆ ಬಿರಿದಿತ್ತು,
ಸೋಮವಾರ ಸಂಜೆಯ ಗಾಳಿಗೆ ಮಕ್ಕಂದೂರಿನ ಹತ್ತಿರ
ಸಿಲ್ವರ್ ಮರದ ಕೊಂಬೆಯೊಂದು ತಂತಿಗೆ ಒರಗಿತ್ತು.
ಏಣಿ ಜಾರಿತು. ಕರೆಂಟು ಹೊಡೆದದ್ದಲ್ಲ.
ಅದನ್ನು ಜೊತೆಗಾರ ಬೆಳ್ಯಪ್ಪ
ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ:
"ಲೈನ್ ಕ್ಲಿಯರ್ ತಕ್ಕೊಂಡೇ ಹತ್ತಿದ್ದು.
ಲೈನ್ ಸತ್ತಿದೆ ಅಂತ ಸ್ಟೇಷನ್ನು ಹೇಳಿದರೂ
ಜೀವ ಉಂಟು ಅಂತಲೇ ತಿಳಕೊಳ್ಳಬೇಕು ನಾವು.
ರಾಡು ತಾಗಿಸಿ ನೋಡಿ, ಆಮೇಲೆ ಕೈ."

ಡಾಕ್ಟರುಗಳದ್ದೂ ಅದೇ ಪಾಠ.
ಕಣ್ಣಿಗೆ ಬೆಳಕು, ಕಿವಿಗೆ ತಣ್ಣೀರು,
ಗಂಟಲಿಗೆ ನಳಿಗೆ. ಉತ್ತರವಿಲ್ಲ.
ಉಸಿರಿನ ಯಂತ್ರ ಕಳಚಿ ಕಾಯಲು ಹೋದರೆ
ಪಕ್ಕೆಲುಬು ಮುರಿದ ಎದೆ ತಡೆಯಲಿಲ್ಲ,
ಪರೀಕ್ಷೆ ಅರ್ಧಕ್ಕೆ ಬಿಟ್ಟರು.
ಅದಕ್ಕೇ ಚಿತ್ರ. ಅದಕ್ಕೇ ನಾನು.

ಬುಧವಾರ, ನಡುರಾತ್ರಿ ಕಳೆದು ಮೂರೂಮುಕ್ಕಾಲು.
ಬಾಗಿಲಲ್ಲಿ ಹೆಂಡತಿ ಭಾಗವ್ವ:
"ಮೈ ಬಿಸಿ ಐತಿ. ಎದಿ ಬಡ್ಯಾಕತ್ತೈತಿ.
ಇನ್ನೇನ್ ನೋಡ್ತೀರಿ?"

ನಾಲ್ಕು ಜನ ಸೇರಿ ಎತ್ತಿದೆವು.
ತೋಳಿನ ನರಕ್ಕೆ ಔಷಧಿ ಹೊರಟಿತು.
ಆಗ ಯಂತ್ರ ಮಾತಾಡಿತು, ನನ್ನದೇ ದನಿಯಲ್ಲಿ.
ಹಿಂದಿ ಅರಿಯದ ಅಜ್ಜಿಯರಿಗೆಂದು
ಎಂದೋ ನಾನೇ ತುಂಬಿಸಿಟ್ಟದ್ದು:
"ಉಸಿರು ಎಳೆದುಕೊಳ್ಳಿ. ಹಾಗೇ ಹಿಡಿಯಿರಿ."
ಆಫ್ ಮಾಡಲು ಮರೆತಿದ್ದೆ.
ಯಾರೂ ನನ್ನ ಕಡೆ ನೋಡಲಿಲ್ಲ.

ಇಪ್ಪತ್ತನೇ ಸೆಕೆಂಡು.
ಕೊರಳ ಎರಡೂ ಬದಿ ಬಿಳಿ ಏರಿತು.
ಕೆನ್ನೆ, ತುಟಿ, ಮೂಗು, ಕಿವಿಯ ಮುಂದಿನ ಎಳೆನಾಳ
ಎಲ್ಲ ಬೆಳಗಿದವು,
ಬುರುಡೆಯ ಬುಡಕ್ಕೆ ಬಂದ ಬಿಳಿ ಮಾತ್ರ
ಅಲ್ಲೇ ನಿಂತಿತು.
ಹೂಮಳೆಯೂ ಹಾಗೆಯೇ. ಈ ತೋಟಕ್ಕೆ ಬೀಳುತ್ತದೆ,
ಬೇಲಿಯಾಚೆಯದಕ್ಕೆ ಇಲ್ಲ.

ತಡವಾಗಿಯಾದರೂ ಬಂದೀತೆಂದು
ಅರವತ್ತನೇ ಸೆಕೆಂಡಿಗೆ ಮತ್ತೊಮ್ಮೆ ನೋಡುವುದು ನಿಯಮ.
ನಡುವೆ ನಲವತ್ತು ಸೆಕೆಂಡು.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.

ಬರಲಿಲ್ಲ.
ಒಳಗೆಲ್ಲ ಒಂದೇ ಬೂದು.

ತೆರೆಯ ಮುಂದೆ ಬೆಳ್ಯಪ್ಪನೇ ಅವಳಿಗೆ ಹೇಳಿದ್ದು,
ನಮ್ಮ ಡಾಕ್ಟರಿಗೆ ಬಾಯಿ ಬರುವ ಮೊದಲು:
"ಕಂಬದವರೆಗೆ ಸಪ್ಲೈ ಉಂಟು ಅಕ್ಕ.
ಮನೆಗೆ ಇಲ್ಲ."
ಅವಳು ಚಿತ್ರದ ಹತ್ತಿರ ಹೋದಳು.
ಕತ್ತಲೆಯನ್ನು ನೋಡಲಿಲ್ಲ,
ಬೆಳಗಿದ ಕಡೆ ಬೆರಳಿಟ್ಟಳು.
"ಮೂಗು ಅವರದ ಐತಿ."

ಸಹಿಗಳಾದವು. ಕಾಗದದ ಮೇಲೆ ವೇಳೆ ಬರೆದರು.
ಅವಳು ಕೇಳಿದಳು, ನನ್ನನ್ನೇ,
ಹೆಂಗಸು ನಾನೊಬ್ಬಳೇ ಇದ್ದೆನೆಂದೋ ಏನೋ:
"ಬಿದ್ದದ್ದು ಸೋಮವಾರ. ನೀ ಫೋಟೋ ತಗದದ್ದು ಇವತ್ತ.
ಎದಿ ನಿಲ್ಲೂದು ಇನ್ನ ಯಾವಾಗೋ.
ದಿನಾ ಯಾವತ್ತಿಂದ ಎಣಸಲೆವ್ವಾ?"
ನನ್ನ ಮೇಜಿನ ಮೇಲೆ
ಅದಕ್ಕೊಂದು ಗುಂಡಿ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಬೆಳ್ಯಪ್ಪ ತಲೆ ತಗ್ಗಿಸಿದ್ದ.
"ಲೈನ್ ಕ್ಲಿಯರ್ ತಕ್ಕೊಂಡವನೇ ವಾಪಸು ಕೊಡಬೇಕು.
ಅವತ್ತು ರಾತ್ರಿ ಅವನ ಹೆಸರಿನ ಮುಂದೆ
ನಾನು ಸಹಿ ಹಾಕಿದೆ ಮೇಡಂ.
ಊರಿಗೆಲ್ಲ ಲೈಟು ಬಂತು."

ಬೆಳಿಗ್ಗೆ ಮೊದಲನೆಯವಳು ಸುಂಟಿಕೊಪ್ಪದ ಹುಡುಗಿ,
ಹಳೆಯ ಕೆಮ್ಮು, ಎದೆಯ ಚಿತ್ರ.
ಯಂತ್ರದ ದನಿ ನಿಲ್ಲಿಸಿ ಬಾಯಲ್ಲೇ ಹೇಳಿದೆ,
ಉಸಿರು ಹಿಡಿ ಎಂದು.
ಬಿಡು ಎನ್ನಲು ತಡಮಾಡಿದೆ.
ಅಷ್ಟರಲ್ಲಿ ಅವಳೇ ಬಿಟ್ಟು
ಕಿಸಕ್ಕನೆ ನಕ್ಕಳು.
ಚಿತ್ರ ಕಲಕಿತು. ಮತ್ತೆ ತೆಗೆದೆ.